ಗಾಯ ಮುಚ್ಚಿದ ಮಾತ್ರಕ್ಕೆ ರೋಗ ಹೋಯಿತೇ?

ಕೆಲವು ಕಾಯಿಲೆಗಳನ್ನು ಕುರಿತು ಜನರು ಅರಳೀಕಟ್ಟೆಯ ಮೇಲೆ ಕುಳಿತು ಬಾಯಿತುಂಬ ಮಾತನಾಡುತ್ತಾರೆ. ಮಂಡಿನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವೆಲ್ಲ ಆ ಬಗೆಯವು. ಬೇರೆ ಕೆಲವನ್ನು ಕೈಹಿಡಿದ ಹೆಂಡತಿಗೂ ಹೇಳದೆ ವರ್ಷಗಟ್ಟಲೆ ಒಳಗೊಳಗೇ ಅನುಭವಿಸುತ್ತಾರೆ. ಭಗಂದರವು ಈ ಎರಡನೆಯ ಗುಂಪಿಗೆ ಸೇರಿದ ರೋಗ. ಆಸ್ಪತ್ರೆಗಳಲ್ಲಿ ಇದಕ್ಕೆ ಫಿಸ್ಟುಲಾ ಎಂಬ ಹೆಸರು. ಗುದದ್ವಾರದ ಪಕ್ಕದಲ್ಲಿ ಒಂದು ಸಣ್ಣ ರಂಧ್ರ. ಅದರಿಂದ ದಿನವೂ ಒಂದಿಷ್ಟು ಕೀವು. ಆಗಾಗ ಆ ರಂಧ್ರ ಕಟ್ಟಿಕೊಂಡು ಬಾವು, ಜ್ವರ, ಕುಳಿತುಕೊಳ್ಳಲಾಗದ ಯಾತನೆ. ಮತ್ತೆ ಅದು ಒಡೆದು ಸೋರುವುದು. ಹೀಗೆ ತಿಂಗಳು ತಿಂಗಳುಗಳೇ ಉರುಳುತ್ತವೆ. ರೋಗಿಯು ಅದನ್ನು ಮೂಲವ್ಯಾಧಿಯೆಂದು ತಿಳಿದು ಯಾರೋ ಹೇಳಿದ ಲೇಪವನ್ನು ಹಚ್ಚುತ್ತಾನೆ. ಹೆಂಗಸರಂತೂ ಬಾಯಿಬಿಡುವುದೇ ಇಲ್ಲ.

ಚನ್ನಗಿರಿಯ ಅಡಕೆ ತೋಟದಲ್ಲಿ ದುಡಿಯುವವನಿಗೂ, ಹೊನ್ನಾಳಿ ನ್ಯಾಮತಿಗಳ ಗದ್ದೆಯಲ್ಲಿ ಟ್ರ್ಯಾಕ್ಟರ್ ನಡೆಸುವವನಿಗೂ, ಜಗಳೂರಿನ ಬೆದ್ದಲಿನಲ್ಲಿ ಮೆಕ್ಕೆಜೋಳ ಬೆಳೆಯುವವನಿಗೂ ಈ ರೋಗ ಬಂದಾಗ ಒಂದು ವಿಶೇಷ ತೊಡಕು ಉಂಟಾಗುತ್ತದೆ. ಈ ನಾಲ್ಕೂ ಇಂದು ದಾವಣಗೆರೆ ಜಿಲ್ಲೆಯ ತಾಲೂಕುಗಳು. ಆದರೆ 1997ರಲ್ಲಿ ಆ ಜಿಲ್ಲೆ ಹುಟ್ಟುವವರೆಗೆ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗಕ್ಕೂ, ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು; ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ತಾಲೂಕಾದುದು. ಜಿಲ್ಲೆ ಬದಲಾದರೂ ಜನರ ಓಡಾಟದ ಹಾದಿಗಳು ಬದಲಾಗಲಿಲ್ಲ. ಇಲ್ಲಿಯ ರೋಗಿ ಒಮ್ಮೆ ದಾವಣಗೆರೆಗೆ ಹೋಗುತ್ತಾನೆ, ಇನ್ನೊಮ್ಮೆ ಶಿವಮೊಗ್ಗಕ್ಕೋ ಚಿತ್ರದುರ್ಗಕ್ಕೋ ಹೋಗುತ್ತಾನೆ, ಕೈಯಲ್ಲಿ ಹಣವಿದ್ದರೆ ಬೆಂಗಳೂರನ್ನೂ ಮುಟ್ಟುತ್ತಾನೆ. ಒಬ್ಬ ವೈದ್ಯರು ಮಾಡಿದುದು ಮತ್ತೊಬ್ಬರಿಗೆ ತಿಳಿಯುವುದಿಲ್ಲ. ಅವನ ರೋಗದ ಚರಿತ್ರೆ ಎಲ್ಲಿಯೂ ಒಂದೆಡೆ ಬರೆದಿಟ್ಟಿರುವುದಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ನಾವು ಹೇಳಬೇಕೆಂದಿರುವ ಮಾತಿಗೆ ಇದೇ ತಳಹದಿ.

ಎರಡು ಮೂರು ಶಸ್ತ್ರಕ್ರಿಯೆಗಳಾದ ಮೇಲೂ ಸೋರಿಕೆ ನಿಲ್ಲದಿದ್ದಾಗ ಮನೆಯವರ ಕಿವಿಗೆ ಒಂದು ಹೊಸ ಹೆಸರು ಬೀಳುತ್ತದೆ: ಸ್ಟೆಮ್ ಸೆಲ್, ಅಂದರೆ ಆಕರಕೋಶ. ಅದೊಂದು ಸೂಜಿಮದ್ದು, ಕೊಯ್ಯುವಂತಿಲ್ಲ, ಹೊಲಿಯುವಂತಿಲ್ಲ, ರೋಗ ಬೇರುಸಹಿತ ಹೋಗುತ್ತದೆ ಎಂಬ ಮಾತು. ತೋಟವನ್ನು ಒತ್ತೆಯಿಟ್ಟಾದರೂ ಅದನ್ನು ಮಾಡಿಸಬಹುದೇ ಎಂಬ ಪ್ರಶ್ನೆ ಆಗ ಏಳುತ್ತದೆ. ಈ ಪ್ರಶ್ನೆಗೆ ವಿಜ್ಞಾನವು ಇಂದು ಏನು ಉತ್ತರ ಕೊಡುತ್ತದೆ ಎಂಬುದನ್ನು ನೋಡೋಣ.

ಮೊದಲು ರೋಗದ ಸ್ವರೂಪ. ಗುದನಾಳದ ಒಳಗೋಡೆಯಲ್ಲಿ ಕೆಲವು ಸಣ್ಣ ಗ್ರಂಥಿಗಳಿವೆ. ಅವುಗಳಲ್ಲೊಂದರ ಬಾಯಿ ಮುಚ್ಚಿಕೊಂಡು ಸೋಂಕು ತಗುಲಿದರೆ ಒಳಗೆ ಕುರು ಏಳುತ್ತದೆ. ಕೀವು ಹೊರಬರಲು ದಾರಿ ಹುಡುಕುತ್ತ ಮಾಂಸವನ್ನು ಭೇದಿಸಿ ಚರ್ಮದ ಮೇಲೆ ಬಾಯಿ ತೆರೆಯುತ್ತದೆ. ಇಂತಹ ಕುರುಗಳಲ್ಲಿ ಸುಮಾರು ಮೂರಕ್ಕೆ ಒಂದು ವಾಸಿಯಾಗದೆ ಶಾಶ್ವತವಾದ ಸುರಂಗವಾಗಿ ನಿಲ್ಲುತ್ತದೆ. ಸುರಂಗಕ್ಕೆ ಎರಡು ಬಾಯಿ: ಒಂದು ಒಳಗೆ, ಒಂದು ಹೊರಗೆ. ನಮಗೆ ಕಾಣುವುದು ಹೊರಬಾಯಿ ಮಾತ್ರ.

ಕೆರೆಯ ಏರಿಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಚನ್ನಗಿರಿ ಸೀಮೆಯ ಸೂಳೆಕೆರೆಯಂತಹ ದೊಡ್ಡ ಕೆರೆಯ ಏರಿಯಲ್ಲಿ ಒಂದು ಸೋರಿಕೆ ಕಂಡಿತೆನ್ನಿ. ಏರಿಯ ಹೊರಮೈಯಲ್ಲಿ ನೀರು ಜಿನುಗುವ ಕಡೆ ಮಣ್ಣು ಮೆತ್ತಿದರೆ ಎರಡು ದಿನ ನಿಂತೀತು. ಆಮೇಲೆ ಪಕ್ಕದಲ್ಲಿ ಇನ್ನೊಂದು ಕಡೆ ಒಡೆಯುತ್ತದೆ. ನೀರು ಒಳಗೆ ಹೊಗುವ ಬಾಯಿಯನ್ನು ಹುಡುಕಿ ಮುಚ್ಚಿದ ಹೊರತು ಸೋರಿಕೆ ನಿಲ್ಲುವುದಿಲ್ಲ. ಭಗಂದರದ ಮಾತೂ ಹೀಗೆಯೇ.

ಸುರಂಗವು ಚರ್ಮದ ಸಮೀಪದಲ್ಲಿಯೇ ಇದ್ದರೆ ವೈದ್ಯರು ಅದನ್ನು ಉದ್ದಕ್ಕೂ ಸೀಳಿ ತೆರೆದುಬಿಡುತ್ತಾರೆ. ಅದು ತಳದಿಂದ ಮಾಗುತ್ತದೆ. ಇಂತಹ ಸರಳ ಭಗಂದರದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಗುಣಹೊಂದುತ್ತಾರೆ. ಆದರೆ ಮಲವನ್ನು ತಡೆಹಿಡಿಯುವ ಸ್ನಾಯುವಿನ ಬಹುಭಾಗವನ್ನು ಸುರಂಗವು ಹಾದುಹೋಗಿದ್ದರೆ, ಇಲ್ಲವೆ ಹಲವು ಕವಲುಗಳಾಗಿ ಒಡೆದಿದ್ದರೆ, ಸೀಳುವುದು ಅಪಾಯ. ಸ್ನಾಯು ತುಂಡಾದರೆ ರೋಗಿಗೆ ಮಲದ ಮೇಲಿನ ಹಿಡಿತವೇ ತಪ್ಪಬಹುದು. ಇದೇ ಸಂಕೀರ್ಣ ಭಗಂದರ. 1976ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ ಎಂಬ ಶಸ್ತ್ರವೈದ್ಯರು ಸಹೋದ್ಯೋಗಿಗಳೊಡನೆ 400 ರೋಗಿಗಳ ವಿವರಗಳನ್ನು ಪರಿಶೀಲಿಸಿ, ಸುರಂಗಕ್ಕೂ ಸ್ನಾಯುವಿಗೂ ಇರುವ ಸಂಬಂಧವನ್ನು ಹಿಡಿದು ಈ ರೋಗವನ್ನು ವಿಂಗಡಿಸಿದರು. ಇಂದಿಗೂ ಶಸ್ತ್ರವೈದ್ಯರಿಗೆ ಆ ವಿಂಗಡಣೆಯೇ ದಾರಿದೀಪ. ಕರುಳಿನ ಕ್ಷಯದಿಂದಲೂ, ಕರುಳು ಹುಣ್ಣಾಗುವ ಕ್ರೋನ್ ರೋಗದಿಂದಲೂ ಭಗಂದರವುಂಟಾಗಬಹುದು. ಇವುಗಳ ಚಿಕಿತ್ಸೆಯೇ ಬೇರೆ.

ಈ ರೋಗದ ಮೊಂಡುತನವನ್ನು ನಮ್ಮ ಹಿರಿಯರು ಅರಿಯದವರಲ್ಲ. ಸುಶ್ರುತನು ಭಗಂದರವನ್ನು ಎಂಟು ಮಹಾರೋಗಗಳ ಸಾಲಿಗೆ ಸೇರಿಸಿದ್ದಾನೆ; ಅದರಲ್ಲಿ ಐದು ಬಗೆಗಳನ್ನು ಎಣಿಸಿದ್ದಾನೆ.

ಇನ್ನು ಆಕರಕೋಶದ ಕಥೆ. ನಮ್ಮ ಕೊಬ್ಬಿನಲ್ಲಿಯೂ ಎಲುಬಿನ ಮಜ್ಜೆಯಲ್ಲಿಯೂ ಒಂದು ಬಗೆಯ ಜೀವಕೋಶಗಳಿವೆ. ಅವುಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಕೋಟಿಗಟ್ಟಲೆಯಾಗಿ ಹೆಚ್ಚಿಸಬಹುದು. ಉರಿಯೂತವನ್ನು ತಗ್ಗಿಸುವ, ಗಾಯ ಮಾಗುವುದಕ್ಕೆ ಅನುಕೂಲವಾಗುವ ರಸಗಳನ್ನು ಅವು ಸ್ರವಿಸುತ್ತವೆ. ಮಾಯದ ಗಾಯದ ಸುತ್ತ ಇವನ್ನು ಚುಚ್ಚಿದರೆ ಸುರಂಗ ಮುಚ್ಚೀತು ಎಂಬ ಆಲೋಚನೆ ಯುಕ್ತಿಯುಕ್ತವಾದುದೇ. ಸ್ಪೇನ್ ದೇಶದ ಗಾರ್ಸಿಯಾ-ಒಲ್ಮೊ ಎಂಬ ಶಸ್ತ್ರವೈದ್ಯರು 2003ರಲ್ಲಿ ಇಂತಹ ಚಿಕಿತ್ಸೆಯ ಮೊದಲ ವರದಿಯನ್ನು ಪ್ರಕಟಿಸಿದರು. 2009ರಲ್ಲಿ ಅವರ ತಂಡದ ಇನ್ನೊಂದು ಪರೀಕ್ಷೆಯ ಫಲ ಹೊರಬಂದಿತು. ಗಾಯಕ್ಕೆ ಹಾಕುವ ಅಂಟಿನೊಡನೆ ಆಕರಕೋಶಗಳನ್ನೂ ಪಡೆದ 24 ರೋಗಿಗಳಲ್ಲಿ 17 ಮಂದಿಯ ಸುರಂಗ ಮುಚ್ಚಿದ್ದಿತು. ಬರಿಯ ಅಂಟನ್ನು ಪಡೆದ 25 ಮಂದಿಯಲ್ಲಿ ಮುಚ್ಚಿದ್ದು 4 ಮಂದಿಗೆ ಮಾತ್ರ. ಇದನ್ನು ಕೇಳಿ ಹಿಗ್ಗದವರಾರು?

ಆದರೆ ಆ ತಂಡದವರು ಅಲ್ಲಿಗೆ ನಿಲ್ಲಲಿಲ್ಲ. ಮೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಅದೇ ರೋಗಿಗಳನ್ನು ಮತ್ತೆ ಹುಡುಕಿಕೊಂಡು ಹೋದರು. ಕೋಶಚಿಕಿತ್ಸೆಯಿಂದ ಗಾಯ ಮುಚ್ಚಿದ್ದವರ ಪೈಕಿ ಅವರಿಗೆ ಸಿಕ್ಕ 12 ಮಂದಿಯಲ್ಲಿ ರೋಗ ಮರುಕಳಿಸದೆ ಉಳಿದಿದ್ದವರು 7 ಮಂದಿ. ತಮ್ಮ ಕೈಗುಣಕ್ಕೆ ಕುಂದು ತರುವ ಈ ಲೆಕ್ಕವನ್ನು ಅವರು ಮುಚ್ಚಿಡದೆ 2012ರಲ್ಲಿ ಪ್ರಕಟಿಸಿದರು. ಅದೇ ವರ್ಷ, ಕ್ರೋನ್ ರೋಗವಿಲ್ಲದ ಸಂಕೀರ್ಣ ಭಗಂದರದ 200 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲವೂ ಹೊರಬಿತ್ತು. ಬರಿಯ ಕೋಶ, ಕೋಶದೊಡನೆ ಅಂಟು, ಬರಿಯ ಅಂಟು ಎಂಬ ಮೂರು ಗುಂಪುಗಳಲ್ಲಿಯೂ ಆರು ತಿಂಗಳ ಸುಮಾರಿಗೆ ನೂರಕ್ಕೆ ಹೆಚ್ಚುಕಡಿಮೆ ನಲವತ್ತು ಮಂದಿ ಗುಣವಾಗಿದ್ದರು. ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ಅಂತರವೇ ಇರಲಿಲ್ಲ. ಗ್ರಂಥಿಯ ಸೋಂಕಿನಿಂದ ಹುಟ್ಟುವ ಸಾಧಾರಣ ಭಗಂದರವೇ ಎಲ್ಲೆಡೆಯೂ ಹೆಚ್ಚಾಗಿ ಕಾಣುವಂತಹುದಾದ್ದರಿಂದ ನಮ್ಮ ಜನ ಮುಖ್ಯವಾಗಿ ಗಮನಿಸಬೇಕಾದುದು ಈ ಪರೀಕ್ಷೆಯನ್ನು.

ಕ್ರೋನ್ ರೋಗದ ಭಗಂದರದಲ್ಲಿ ಮಾತ್ರ ಆಸೆ ಇನ್ನೂ ಉಳಿದಿತ್ತು. ಬೇರೆಯವರಿಂದ ದಾನವಾಗಿ ಪಡೆದ ಕೊಬ್ಬಿನಿಂದ ಬೆಳೆಸಿದ 12 ಕೋಟಿ ಕೋಶಗಳನ್ನು ಸುರಂಗದ ಒಳಬಾಯಿಯ ಸುತ್ತಲೂ ಗೋಡೆಗಳ ಉದ್ದಕ್ಕೂ ಚುಚ್ಚುವ ಚಿಕಿತ್ಸೆಯನ್ನು ಯೂರೋಪು ಮತ್ತು ಇಸ್ರೇಲಿನ ಆಸ್ಪತ್ರೆಗಳಲ್ಲಿ 212 ರೋಗಿಗಳ ಮೇಲೆ ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾದ ಫಲ ಹೀಗಿತ್ತು: 24 ವಾರಗಳ ಕೊನೆಗೆ ಕೋಶ ಪಡೆದವರಲ್ಲಿ ನೂರಕ್ಕೆ 50, ಬರಿಯ ಉಪ್ಪುನೀರು ಪಡೆದವರಲ್ಲಿ ನೂರಕ್ಕೆ 34. ಗುಣವಾಯಿತೆನ್ನುವುದಕ್ಕೆ ಇಲ್ಲಿ ಕಟ್ಟುನಿಟ್ಟಾದ ಅಳತೆಯಿದ್ದಿತು. ಬೆರಳಿನಿಂದ ಮೆಲ್ಲಗೆ ಒತ್ತಿದರೂ ಹೊರಬಾಯಿ ಸೋರಬಾರದು, ಅಲ್ಲದೆ ಎಂ.ಆರ್.ಐ. ಚಿತ್ರದಲ್ಲಿ ಒಳಗೆ ಎರಡು ಸೆಂಟಿಮೀಟರಿಗಿಂತ ದೊಡ್ಡ ಕೀವಿನ ಮಡು ಕಾಣಬಾರದು. ಹೊರಗೆ ಥಳುಕು ಒಳಗೆ ಹುಳುಕು ಎಂಬ ಗಾದೆಗೆ ಎಡೆಗೊಡದ ಅಳತೆ ಇದು. ಈ ಫಲವನ್ನು ನೆಚ್ಚಿ 2018ರ ಮಾರ್ಚ್ ತಿಂಗಳಲ್ಲಿ ಯೂರೋಪಿನ ಒಕ್ಕೂಟವು ಡಾರ್ವಾಡ್‌ಸ್ಟ್ರೋಸೆಲ್ ಎಂಬ ಆ ಔಷಧಕ್ಕೆ ಮಾರಾಟದ ಅನುಮತಿಯನ್ನು ಕೊಟ್ಟಿತು. ಅದರ ವ್ಯಾಪಾರದ ಹೆಸರು ಅಲೋಫಿಸೆಲ್.

ಮುಂದೆ ಕಾಲವೇ ಪರೀಕ್ಷಕನಾಯಿತು. ಆ ರೋಗಿಗಳಲ್ಲಿ 89 ಮಂದಿಯ ಮುಂದಿನ ವರ್ಷಗಳ ದಾಖಲೆಗಳನ್ನು ತೆಗೆದು ನೋಡಿದಾಗ, ಒಂದು ವರ್ಷದ ಕೊನೆಗೆ ಸೋರಿಕೆ ನಿಂತಿದ್ದವರು ಕೋಶದ ಗುಂಪಿನಲ್ಲಿ ನೂರಕ್ಕೆ 67, ಉಪ್ಪುನೀರಿನ ಗುಂಪಿನಲ್ಲಿ 52. ಮೂರು ವರ್ಷಗಳ ಕೊನೆಗೆ ಕ್ರಮವಾಗಿ 54 ಮತ್ತು 46. ವರ್ಷ ಕಳೆದಂತೆ ಎರಡು ಗುಂಪುಗಳ ಅಂತರ ಕಿರಿದಾಯಿತು. ಬಳಿಕ 568 ರೋಗಿಗಳ ಮೇಲೆ ಇನ್ನೂ ದೊಡ್ಡ ಪರೀಕ್ಷೆ ನಡೆಯಿತು. 2023ರಲ್ಲಿ ಅದರ ಫಲ ತಿಳಿದಾಗ, 24 ವಾರಗಳಲ್ಲಿ ಗುಣಹೊಂದಿದವರು ಕೋಶದಿಂದ ನೂರಕ್ಕೆ 48.8, ಉಪ್ಪುನೀರಿನಿಂದ ನೂರಕ್ಕೆ 46.3. ಇಷ್ಟು ಸಣ್ಣ ಅಂತರವನ್ನು ಔಷಧದ ಗುಣವೆಂದು ಹೇಳಲಾಗದು. 2024ರ ಡಿಸೆಂಬರಿನಲ್ಲಿ ತಯಾರಕರು ಆ ಔಷಧವನ್ನು ಯೂರೋಪಿನ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು.

ಇದನ್ನು ಸೋಲಿನ ಕಥೆಯೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಉಪ್ಪುನೀರು ಪಡೆದ ಗುಂಪನ್ನು ಇನ್ನೊಮ್ಮೆ ನೋಡಿ. ಅವರಲ್ಲಿ ಸುಮಾರು ಅರ್ಧದಷ್ಟು ಜನ ಗುಣಹೊಂದಿದುದು ಹೇಗೆ? ಉಪ್ಪುನೀರಿಗೆ ಅಂತಹ ಮಹಿಮೆಯಿಲ್ಲ. ಅವರಿಗೂ ಮೊದಲು ಎಂ.ಆರ್.ಐ. ಚಿತ್ರ ತೆಗೆದು ಸುರಂಗದ ಕವಲುಗಳನ್ನು ಗುರುತಿಸಿದ್ದರು. ಅರಿವಳಿಕೆ ಕೊಟ್ಟು ಪರೀಕ್ಷಿಸಿದ್ದರು. ಸುರಂಗವನ್ನು ಕೆರೆದು ಶುಚಿಗೊಳಿಸಿದ್ದರು. ಕೀವು ಬಸಿಯಲು ಕೆಲವು ವಾರಗಳ ಕಾಲ ದಾರವಿಟ್ಟಿದ್ದರು. ಅನಂತರ ಒಳಬಾಯಿಯನ್ನು ಹೊಲಿದಿದ್ದರು. ಕರುಳಿನ ರೋಗಕ್ಕೆ ನಡೆಯುತ್ತಿದ್ದ ಔಷಧವೂ ಮುಂದುವರಿದಿತ್ತು. ಮೇಲಾಗಿ ಪ್ರತಿಯೊಬ್ಬರನ್ನೂ ಗೊತ್ತಾದ ವಾರದಂದು ಕರೆಸಿ ನೋಡುತ್ತಿದ್ದರು. ಈ ಶಿಸ್ತಿನ ಆರೈಕೆಗೆ ಗುಣದ ಪಾಲು ಸಲ್ಲಬೇಕೆಂದು ತೋರುತ್ತದೆ. ಅದರ ಮೇಲೆ ಹನ್ನೆರಡು ಕೋಟಿ ಕೋಶಗಳು ಕೂಡಿಸಿದುದು ಅತ್ಯಲ್ಪ. ಹಾಗಿದ್ದರೆ ಜಗಳೂರಿನ ರೋಗಿಗೆ ಈ ವಾರ್ತೆ ನಿರಾಶೆಯದೇ? ಅಲ್ಲವೆನ್ನುತ್ತೇವೆ. ಕೋಶಗಳನ್ನು ಬೆಳೆಸುವ ಪ್ರಯೋಗಶಾಲೆ ತಾಲೂಕಿಗೆ ಬರಲಾರದು. ಶಿಸ್ತಿನ ಆರೈಕೆ ಬರಬಹುದು.

ದೂರದ ದೇಶಗಳ ಮಾತೇಕೆ, ನಮ್ಮಲ್ಲಿಯೇ ಒಂದು ಉದಾಹರಣೆಯುಂಟು. ಕಳ್ಳಿಯ ಹಾಲು, ಉತ್ತರಣೆಯ ಕ್ಷಾರ, ಅರಿಸಿನ ಇವುಗಳನ್ನು ದಾರಕ್ಕೆ ಇಪ್ಪತ್ತೊಂದು ಬಾರಿ ಲೇಪಿಸಿ ಮಾಡುವ ಕ್ಷಾರಸೂತ್ರವನ್ನು ಸುರಂಗದೊಳಗೆ ತೂರಿಸಿ ಕಟ್ಟಿ, ವಾರಕ್ಕೊಮ್ಮೆ ಬದಲಾಯಿಸುತ್ತ ಹೋಗುವುದು ಆಯುರ್ವೇದದ ಪದ್ಧತಿ. ಅದನ್ನು ಹೊಗಳುವವರು ಹೊಗಳುತ್ತಲೇ ಇದ್ದರು, ತೆಗಳುವವರು ತೆಗಳುತ್ತಲೇ ಇದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಈ ವಾದಕ್ಕೆ ಕೊನೆಗಾಣಿಸಲು ಹಲವು ಕೇಂದ್ರಗಳಲ್ಲಿ ಕ್ಷಾರಸೂತ್ರವನ್ನೂ ಶಸ್ತ್ರಕ್ರಿಯೆಯನ್ನೂ ಒರೆಗೆ ಹಚ್ಚಿತು. 1991ರಲ್ಲಿ ಫಲ ಪ್ರಕಟವಾಯಿತು. ಶಸ್ತ್ರಕ್ರಿಯೆಯ ಗಾಯ ಸುಮಾರು 4 ವಾರಗಳಲ್ಲಿ ಮಾಗಿತು. ಕ್ಷಾರಸೂತ್ರದ ಗಾಯಕ್ಕೆ 8 ವಾರಗಳು ಬೇಕಾದವು. ಅಷ್ಟಕ್ಕೇ ಲೆಕ್ಕ ಮುಗಿಸಿದ್ದರೆ ಶಸ್ತ್ರಕ್ರಿಯೆಯೇ ಗೆದ್ದಂತೆ. ಆದರೆ ಮುಂದೆಯೂ ಕಾದು ನೋಡಿದಾಗ ರೋಗ ಮರುಕಳಿಸಿದುದು ಶಸ್ತ್ರಕ್ರಿಯೆಯಲ್ಲಿ ನೂರಕ್ಕೆ 11 ಮಂದಿಗೆ, ಕ್ಷಾರಸೂತ್ರದಲ್ಲಿ 4 ಮಂದಿಗೆ. ತಡವಾಗಿ ಮಾಗಿದುದೇ ಹೆಚ್ಚು ಬಾಳಿತು. ಎಲ್ಲ ಸಂಕೀರ್ಣ ಭಗಂದರಗಳಿಗೂ ಇದೇ ಮದ್ದೆಂದು ನಾವು ಹೇಳುತ್ತಿಲ್ಲ. ಆ ಪರೀಕ್ಷೆಯ ಬಳಿಕ ಸ್ನಾಯುವನ್ನು ಉಳಿಸುವ ಹೊಸ ಶಸ್ತ್ರಕ್ರಿಯೆಗಳು ಬಂದಿವೆ. ಆದರೆ ಕೋಶಚಿಕಿತ್ಸೆಯಲ್ಲಿ ಕಂಡ ಪಾಠವೇ ಇಲ್ಲಿಯೂ ಕಾಣುತ್ತದೆ. ಮೊದಲ ತಿಂಗಳ ಲೆಕ್ಕ ಒಂದು, ವರ್ಷಗಳ ಲೆಕ್ಕ ಮತ್ತೊಂದು.

ಹೀಗಿರುವಲ್ಲಿ ನಮ್ಮ ತಾಲೂಕುಗಳಲ್ಲಿ ನಡೆಯುತ್ತಿರುವುದೇನು? “ಆಪರೇಷನ್ ಇಲ್ಲದೆ ಮೂಲವ್ಯಾಧಿ, ಭಗಂದರ ಗ್ಯಾರಂಟಿ ವಾಸಿ” ಎಂಬ ಫಲಕಗಳನ್ನು ಬಸ್ ನಿಲ್ದಾಣಗಳ ಸುತ್ತ ಯಾರು ಕಂಡಿಲ್ಲ? ಆ ಗ್ಯಾರಂಟಿ ಎಷ್ಟು ವರ್ಷಗಳದೆಂದು ಯಾರೂ ಕೇಳುವುದಿಲ್ಲ. ದೋಷವು ಇಂತಹವರಲ್ಲಿ ಮಾತ್ರವಿಲ್ಲ. ಕಲಿತ ವೈದ್ಯರು ನಡೆಸುವ ಒಳ್ಳೆಯ ಆಸ್ಪತ್ರೆಯಲ್ಲಿಯೂ ಗಾಯ ಒಣಗಿದ ದಿನವೇ ರೋಗಿಯ ಹೆಸರು ಕಡತದಿಂದ ಮರೆಯಾಗುವುದುಂಟು. ಎರಡು ವರ್ಷಗಳ ಮೇಲೆ ಅವನಿಗೆ ಮತ್ತೆ ಸೋರಿದರೆ ಅವನು ನಾಚಿಕೆಯಿಂದಲೋ ಬೇಸರದಿಂದಲೋ ಬೇರೆ ಊರಿಗೆ ಹೋಗುತ್ತಾನೆ. ಮೊದಲಿನ ವೈದ್ಯರು ತಮ್ಮ ಕೈಯಲ್ಲಿ ಅವನು ಗುಣವಾದನೆಂದೇ ಪ್ರಾಮಾಣಿಕವಾಗಿ ನಂಬಿರುತ್ತಾರೆ. ಹೊನ್ನಾಳಿಯ ಒಬ್ಬ ರೋಗಿ ದಾವಣಗೆರೆಯಲ್ಲಿ ಒಮ್ಮೆ, ಶಿವಮೊಗ್ಗದಲ್ಲಿ ಒಮ್ಮೆ ಹೀಗೆ “ಗುಣವಾದವರ” ಪಟ್ಟಿಗೆ ಸೇರಿ, ಮನೆಯಲ್ಲಿ ಬಟ್ಟೆ ಮಡಿಚಿಟ್ಟುಕೊಂಡೇ ದಿನ ಕಳೆಯುತ್ತಿರಬಹುದು.

ಆದುದರಿಂದ ನಮ್ಮ ಸೂಚನೆ ಇದು. ತಾಲೂಕು ಆಸ್ಪತ್ರೆಗಳಲ್ಲಿ ಭಗಂದರದ ರೋಗಿಗಳಿಗಾಗಿ ಒಂದು ದಾಖಲೆಯ ಪುಸ್ತಕವಿರಬೇಕು. ಚಿಕಿತ್ಸೆ ಯಾವ ಊರಿನಲ್ಲಿ, ಯಾವ ಪದ್ಧತಿಯಲ್ಲಿ ನಡೆದರೂ ರೋಗಿಯ ಸ್ವಂತ ತಾಲೂಕಿನಲ್ಲಿ ಅವನ ಹೆಸರು ಬರೆಯಲ್ಪಡಬೇಕು. ಆರು ತಿಂಗಳಿಗೆ, ಒಂದು ವರ್ಷಕ್ಕೆ, ಎರಡು ವರ್ಷಕ್ಕೆ, ಮೂರು ವರ್ಷಕ್ಕೆ ಅವನನ್ನು ವಿಚಾರಿಸಬೇಕು. ಕೇಳಬೇಕಾದ ಪ್ರಶ್ನೆಗಳು ಮೂರೇ: ಸೋರುತ್ತಿದೆಯೇ? ಮತ್ತೆ ಬಾವು ಬಂದಿತ್ತೇ? ಮಲದ ಮೇಲೆ ಹಿಡಿತವಿದೆಯೇ? ಮೂರನೆಯ ಪ್ರಶ್ನೆಯನ್ನು ಮರೆಯಲಾಗದು. ಸೋರಿಕೆ ನಿಂತು ಹಿಡಿತ ತಪ್ಪಿದರೆ ಅದು ಒಂದು ಕಷ್ಟ ಕಳೆದು ಇನ್ನೊಂದನ್ನು ತಂದುಕೊಂಡಂತೆ.

ಗಾಯ ಒಣಗಿದ ಮೇಲೆ ನಮ್ಮ ರೈತ ಆಸ್ಪತ್ರೆಗೆ ಏಕೆ ಬರುತ್ತಾನೆ, ವೈದ್ಯರಿಗಾದರೂ ವರ್ಗವಾಗುತ್ತದಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪ ನಿಜವಾದುದೇ. ಆದರೆ ಕ್ಷಯರೋಗದ ವಿಷಯದಲ್ಲಿ ನಮ್ಮ ದೇಶ ಈ ಕೆಲಸಕ್ಕೆ ಆಗಲೇ ಕೈಹಾಕಿದೆ. ಔಷಧ ಮುಗಿದ ಮೇಲೂ ಆರು ತಿಂಗಳಿಗೊಮ್ಮೆ, ಎರಡು ವರ್ಷಗಳವರೆಗೆ ರೋಗಿಯನ್ನು ವಿಚಾರಿಸಬೇಕೆಂಬುದು ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ನಿಯಮ. ವೈದ್ಯರು ಬದಲಾದರೂ ಪುಸ್ತಕ ಬದಲಾಗುವುದಿಲ್ಲ. ರೋಗಿ ಬರಲಾರನಾದರೆ ದೂರವಾಣಿಯುಂಟು, ಊರೂರಿಗೂ ಆಶಾ ಕಾರ್ಯಕರ್ತೆಯರಿದ್ದಾರೆ. ಗಂಡಸರ ಮುಂದೆ ಬಾಯಿಬಿಡದ ಹೆಂಗಸರು ಇವರ ಮುಂದೆ ಮಾತನಾಡಿಯಾರು. ಭಗಂದರದ ರೋಗಿಗಳ ಸಂಖ್ಯೆ ಕ್ಷಯದಷ್ಟಿಲ್ಲವಾದುದರಿಂದ ಹೊರೆಯೂ ಹಗುರ. ಆಶಾ ಕಾರ್ಯಕರ್ತೆಯರಿಗೆ ಈಗಾಗಲೇ ಕೆಲಸ ಹೆಚ್ಚೆಂಬುದನ್ನು ಬಲ್ಲೆವು. ಅವರ ದುಡಿಮೆಗೆ ತಕ್ಕ ಸಂಭಾವನೆಯನ್ನು ಕೂಡಿಸಿಯೇ ಈ ಭಾರವನ್ನು ಹೊರಿಸತಕ್ಕದ್ದು.

ಇದರಿಂದ ಆಗುವ ಲಾಭ ರೋಗಿಗೊಬ್ಬನಿಗೇ ಅಲ್ಲ. ಐದು ವರ್ಷ ಇಂತಹ ಪುಸ್ತಕ ನಡೆದರೆ, ಯಾವ ಬಗೆಯ ಭಗಂದರಕ್ಕೆ ಯಾವ ಚಿಕಿತ್ಸೆ ನಮ್ಮ ನೆಲದಲ್ಲಿ ಬಾಳಿತು ಎಂಬುದು ಮೊದಲ ಬಾರಿಗೆ ನಮ್ಮದೇ ಅಂಕಿಗಳಿಂದ ತಿಳಿದೀತು. ದಾವಣಗೆರೆಯಲ್ಲಿ 1965ರಿಂದಲೂ ವೈದ್ಯಕೀಯ ವಿದ್ಯಾಲಯವಿದೆ. ಆಕರಕೋಶದ ಚಿಕಿತ್ಸೆ ನಾಳೆ ಇನ್ನೊಂದು ಉತ್ತಮ ರೂಪದಲ್ಲಿ ಬಂದರೆ, ಅದನ್ನು ತೂಗಿ ನೋಡುವ ತಕ್ಕಡಿಯೂ ಆಗ ನಮ್ಮಲ್ಲಿ ಸಿದ್ಧವಿರುತ್ತದೆ. ಹೊಸತನ್ನು ನಾವು ದ್ವೇಷಿಸುತ್ತಿಲ್ಲ. ಅಳೆಯದೆ ಕೊಳ್ಳಬೇಡಿ ಎನ್ನುತ್ತಿದ್ದೇವೆ.

ಅಲ್ಲಿಯವರೆಗೆ ರೋಗಿಗಳಿಗೂ ಮನೆಯವರಿಗೂ ನಾಲ್ಕು ಮಾತು. ಗುದದ ಬಳಿ ನೋವಿನ ಬಾವು ಬಂದರೆ ತಾನಾಗಿ ಒಡೆಯಲೆಂದು ಕಾಯದೆ ಆ ದಿನವೇ ಆಸ್ಪತ್ರೆಗೆ ಹೋಗಿರಿ. ಮರುಕಳಿಸಿದ ಭಗಂದರವನ್ನು ಮತ್ತೆ ಕೊಯ್ಯಿಸುವ ಮುನ್ನ ಎಂ.ಆರ್.ಐ. ಚಿತ್ರ ಬೇಕೇ ಎಂದು ಕೇಳಿರಿ. ತೆಗೆದ ಮಾಂಸದ ಚೂರನ್ನು ಕ್ಷಯದ ಪರೀಕ್ಷೆಗೆ ಕಳುಹಿಸುವಿರೇ ಎಂದು ವಿಚಾರಿಸಿರಿ. ಯಾರಾದರೂ ಆಕರಕೋಶದ ಸೂಜಿಗೆ ಹಣ ಕೇಳಿದರೆ, ಈ ರೋಗಕ್ಕೆಂದು ಅದಕ್ಕೆ ಸರ್ಕಾರದ ಅನುಮತಿಯಿದೆಯೇ, ಇಲ್ಲವೆ ಅದು ನೋಂದಾಯಿತ ಪ್ರಯೋಗವೇ ಎಂದು ಕೇಳಿರಿ. ಅನುಮತಿ ಪಡೆಯದ ಆಕರಕೋಶ ಚಿಕಿತ್ಸೆಯನ್ನು ಪ್ರಯೋಗದ ಚೌಕಟ್ಟಿನ ಹೊರಗೆ ಕೊಡಕೂಡದೆಂದು ಸಂಶೋಧನಾ ಪರಿಷತ್ತು ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿವೆ. ಈ ಪ್ರಶ್ನೆಗೆ ನೇರವಾದ ಉತ್ತರ ಬಾರದಿದ್ದರೆ ತೋಟದ ಪತ್ರವನ್ನು ಪೆಟ್ಟಿಗೆಯಿಂದ ಹೊರತೆಗೆಯಬೇಡಿ.

ಎಲ್ಲಕ್ಕಿಂತ ಮೊದಲು ಬಿಡಬೇಕಾದುದು ನಾಚಿಕೆಯನ್ನು. ಹದಿನಾಲ್ಕನೆಯ ಲೂಯಿ ಎಂಬ ಫ್ರಾನ್ಸಿನ ಮಹಾರಾಜನಿಗೂ ಈ ರೋಗ ಬಂದಿತ್ತು. 1686ರಲ್ಲಿ ಅವನೂ ಶಸ್ತ್ರವೈದ್ಯನ ಮುಂದೆ ಮಲಗಬೇಕಾಯಿತು. ಅರಸನಿಗೆ ತಪ್ಪದ ರೋಗವನ್ನು ಅಡಕೆ ಸುಲಿಯುವವನು ಮುಚ್ಚಿಟ್ಟುಕೊಳ್ಳುವ ಕಾರಣವಿಲ್ಲ. ರೋಗಿ ಬಾಯಿಬಿಟ್ಟು ಹೇಳಲಿ. ವೈದ್ಯರು ಮೂರು ವರ್ಷಗಳವರೆಗೆ ಮರೆಯದೆ ಕೇಳಲಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಈ ಕೆಲಸವನ್ನು ಆರಂಭಿಸಲು ಬೇಕಾದುದು ಒಂದು ಪುಸ್ತಕ, ಒಂದು ದೂರವಾಣಿ, ಅದನ್ನು ನಡೆಸುವ ಒಬ್ಬ ಜವಾಬ್ದಾರಿಯುಳ್ಳ ಸಿಬ್ಬಂದಿ. ಆರೋಗ್ಯ ಇಲಾಖೆ ಮನಸ್ಸು ಮಾಡಿದರೆ ಬರುವ ತಿಂಗಳಿನಿಂದಲೇ ಇದು ಆಗಬಹುದು.